ಮಾರಿಯೊಗೆ ಎಂಬತ್ತು ಜನರ ಮೇಳ ಯಾಕೆ?

ಹಳೆಯ ವಿಡಿಯೊ ಗೇಮ್‌ನ ಸಂಗೀತವನ್ನು ಸಿಂಫನಿ ಆರ್ಕೆಸ್ಟ್ರಾದವರು ನುಡಿಸಿದರೆಂದರೆ ಸಾಕು, ಅಂತೂ ಅದಕ್ಕೊಂದು ಮರ್ಯಾದೆ ಬಂತು ಎಂದು ಹಿಗ್ಗುವವರು ಬಹಳ. ಅವರ ವಾದ ಕೇಳಲು ಸೊಗಸಾಗಿಯೇ ಇದೆ. 1980ರ ದಶಕದ ಗೇಮ್ ಯಂತ್ರಗಳಿಗೆ ಇದ್ದದ್ದು ಮೂರೋ ನಾಲ್ಕೋ ದನಿ. ಸಂಗೀತ ಬರೆದವರ ತಲೆಯಲ್ಲಿದ್ದದ್ದು ಪಿಟೀಲು, ಕಹಳೆ, ನಗಾರಿಗಳ ದೊಡ್ಡ ಮೇಳ. ಯಂತ್ರ ಬಡವಾಗಿದ್ದರಿಂದ ಆ ಮೇಳ ಹೊರಗೆ ಬರಲಾಗದೆ ಕೀಂ ಕೀಂ ಎನ್ನುತ್ತ ಒಳಗೇ ಉಳಿಯಿತು. ಈಗ ಎಂಬತ್ತು ಜನ ಕರಿ ಕೋಟು ತೊಟ್ಟು ಸಾಲಾಗಿ ಕೂತು ನುಡಿಸಿದ ಮೇಲೆ ಅದು ಪೂರ್ಣಗೊಂಡಿತು. ಟೋಕಿಯೊದಿಂದ ಲಂಡನ್ನಿನವರೆಗೆ ಈ ನಂಬಿಕೆಗೆ ಎದುರಾಡುವವರು ಕಡಿಮೆ. ಆ ಕಛೇರಿಗಳನ್ನು ಮೊಬೈಲಿನಲ್ಲಿ ನೋಡುವ ಕರ್ನಾಟಕದ ಗೇಮ್ ಪ್ರಿಯರೂ ಅದನ್ನೇ ತಲೆ ಮೇಲೆ ಹೊತ್ತು ಮೆರೆಸುತ್ತಿದ್ದಾರೆ.

ಇದು ತಪ್ಪು. ಆರ್ಕೆಸ್ಟ್ರಾದವರು ಈ ಸಂಗೀತವನ್ನು ಮುಟ್ಟಬಾರದೆಂದಲ್ಲ; ನುಡಿಸಲಿ, ಚೆನ್ನಾಗಿಯೇ ನುಡಿಸಲಿ. ತಪ್ಪಿರುವುದು ಪೂರ್ಣಗೊಂಡಿತು ಎನ್ನುವ ತೀರ್ಪಿನಲ್ಲಿ. ಒಂದು ಸಂಗೀತವನ್ನು ಬೇರೆ ವಾದ್ಯಗಳಿಗೆ ಅಳವಡಿಸುವುದೆಂದರೆ ಅದನ್ನು ಇನ್ನೊಮ್ಮೆ ರಚಿಸಿದಂತೆ. ಆ ಎರಡನೆಯ ರಚನೆ ಗೆದ್ದರೂ ಸೋತರೂ ತನ್ನ ಯೋಗ್ಯತೆಯಿಂದಲೇ ಆಗಬೇಕು. ವೇದಿಕೆ ಮೇಲಿನ ತಲೆ ಎಣಿಸಿ, ಮೊದಲನೆಯದು ಬರೀ ಕರಡು ಎಂದು ಹೇಳಲು ಯಾರಿಗೂ ಅಧಿಕಾರವಿಲ್ಲ.

ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಕಡೆಯ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಮದ್ರಾಸಿನ ಸ್ಟುಡಿಯೊಗಳಲ್ಲಿ ಪಿಟೀಲುಗಳ ಸಾಲು ಕೂರಿಸಿ ಧ್ವನಿಮುದ್ರಿಸಿದ ಸಿನಿಮಾ ಹಾಡುಗಳನ್ನು ಅವರು ಮದುವೆ ಮೆರವಣಿಗೆಯಲ್ಲಿ ಏಳೆಂಟು ಮಂದಿಯ ಬ್ಯಾಂಡಿನಿಂದ ಕೇಳಿದ್ದಾರೆ. ಅಂಬಾಮಠದಂಥ ಜಾತ್ರೆಯ ಸುತ್ತಮುತ್ತ ನಡೆಯುವ ರಸಮಂಜರಿಗಳಲ್ಲಿ ಒಂದು ಕೀಬೋರ್ಡು, ಒಂದು ರಿದಂ ಪ್ಯಾಡಿನಿಂದ ಅದೇ ಹಾಡು ಕೇಳಿದ್ದಾರೆ. ಕ್ಲಾರಿಯೊನೆಟ್ಟಿನವನು ಪಲ್ಲವಿ ಎತ್ತಿಕೊಂಡರೆ ಪಿಟೀಲೆಲ್ಲಿ ಹೋಯಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಕುಣಿಯುವವರ ಕಾಲು ನಿಲ್ಲುವುದೂ ಇಲ್ಲ. ಸಣ್ಣದು ದೊಡ್ಡದಾದರೆ ಬಡ್ತಿ ಎನ್ನುವ ಪಂಡಿತರು ದೊಡ್ಡದು ಸಣ್ಣದಾಗಿಯೂ ಗೆದ್ದ ಈ ಲೆಕ್ಕವನ್ನು ಯಾವ ಖಾತೆಗೆ ಬರೆಯುತ್ತಾರೆ?

ಮೊದಲು ಯಂತ್ರದ ವಿಚಾರ. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಿಟ್ಟ ಫ್ಯಾಮಿಕಾಮ್‌ನ ಚಿಪ್ಪಿಗೆ ಐದು ದನಿಗಳಿದ್ದವು. ಎರಡು ಚೌಕಾಕಾರದ ಅಲೆ, ಒಂದು ತ್ರಿಕೋನಾಕಾರದ ಅಲೆ, ಬರೀ ಭುಸ್ಸೆನ್ನುವ ಗದ್ದಲದ ದನಿ ಒಂದು, ಮುದ್ರಿಸಿಟ್ಟ ಸದ್ದಿನ ಚೂರುಗಳನ್ನು ನುಡಿಸಲು ಇನ್ನೊಂದು. ತ್ರಿಕೋನದ ದನಿಯನ್ನು ಜೋರು ಮಾಡಲೂ ಆಗದು, ಮೆಲ್ಲಗೆ ಮಾಡಲೂ ಆಗದು. ಹಚ್ಚಿದರೆ ಇದೆ, ಆರಿಸಿದರೆ ಇಲ್ಲ. ಕೋಜಿ ಕೊಂಡೊ 1985ರಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ಗೆ ಸಂಗೀತ ಬರೆದದ್ದು ಇಷ್ಟರಲ್ಲೇ. ಆ ಆಟದ ಚಿತ್ರ, ಚಲನೆ, ಲೆಕ್ಕಾಚಾರ, ಸಂಗೀತ ಎಲ್ಲ ಸೇರಿ 40 ಕಿಲೋಬೈಟು. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರವೇ ಅದಕ್ಕಿಂತ ದೊಡ್ಡದಿರುತ್ತದೆ.

ಈ ಇಕ್ಕಟ್ಟಿನಲ್ಲಿ ಕೊಂಡೊ ಮಾಡಿದ್ದನ್ನು ನೋಡಬೇಕು. ಆಟದ ಮುಖ್ಯ ಹಾಡಿಗೆ ಅವರು ಮೊದಲು ಹಾಕಿದ ಧಾಟಿ ಮಾರಿಯೊನ ಓಟಕ್ಕೂ ನೆಗೆತಕ್ಕೂ ಹೊಂದಲಿಲ್ಲವೆಂದು ಅದನ್ನು ಪಕ್ಕಕ್ಕಿಟ್ಟು ಬೇರೆಯದನ್ನೇ ಬರೆದರು. ಅಂದರೆ ಈ ಹಾಡಿನ ಲಯ ಹುಟ್ಟಿದ್ದು ಆಡುವವನ ಹೆಬ್ಬೆರಳಿನಿಂದ. ಗದ್ದಲದ ದನಿಯನ್ನೇ ಕತ್ತರಿಸಿ ಕತ್ತರಿಸಿ ತಾಳ ಮಾಡಿದರು. ಏರಿಳಿತವಿಲ್ಲದ ತ್ರಿಕೋನಕ್ಕೆ ಕೆಳಸ್ವರ ಕೊಟ್ಟರು. ಏರಿಳಿಯದ ಆ ಗುಣವೇ ಅಲ್ಲಿ ಉಪಯೋಗಕ್ಕೆ ಬಂತು. ಮಾರಿಯೊ ನೆಗೆದಾಗ, ನಾಣ್ಯ ಸಿಕ್ಕಾಗ ಆ ಸದ್ದಿಗೆ ಒಂದು ದನಿ ಬೇಕು, ಹೆಚ್ಚುವರಿ ದನಿ ಇಲ್ಲ. ಹಾಗಾಗಿ ಹಾಡಿನ ಒಂದು ಎಳೆ ಅರೆಕ್ಷಣ ಕಳಚಿ ಆ ಸದ್ದಿಗೆ ಜಾಗ ಬಿಡುತ್ತದೆ, ಮತ್ತೆ ಬಂದು ಕೂಡಿಕೊಳ್ಳುತ್ತದೆ. ಗಡಿಯಾರ 100ಕ್ಕೆ ಇಳಿದರೆ ಅದೇ ಹಾಡು ದುಡುದುಡು ಓಡುತ್ತದೆ. ಆಡುವವನು ಎಷ್ಟು ಸಲ ನೆಗೆದ, ಎಲ್ಲಿ ತಡೆದು ನಿಂತ ಎನ್ನುವುದರ ಮೇಲೆ ಪ್ರತಿ ಸಲದ ಹಾಡೂ ಬೇರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಮೊತ್ತಮೊದಲ ಗೇಮ್ ಸಂಗೀತವಾಗಿ ಸೇರಿಸಿಕೊಂಡದ್ದು ಈ ಚಿಪ್ಪಿನ ಹಾಡನ್ನೇ. ಯಾವ ಸಿಂಫನಿ ರೂಪವನ್ನೂ ಅಲ್ಲ.

ಕಛೇರಿಯಲ್ಲಿ ಯಾರೂ ನೆಗೆಯುವುದಿಲ್ಲ. ಗಡಿಯಾರವೂ ಇಲ್ಲ.

ದನಿ ಕಡಿಮೆಯಾದದ್ದರಿಂದಲೇ ಹುಟ್ಟಿದ ಇನ್ನೊಂದು ಚಮತ್ಕಾರವಿದೆ. 1982ರ ಕಮೊಡೋರ್ 64 ಗಣಕದ ಸಂಗೀತದ ಚಿಪ್ಪಿಗೆ ಮೂರೇ ದನಿ. ಮೂರು ಸ್ವರ ಒಟ್ಟಿಗೆ ಹಿಡಿದರೆ ಮಿಕ್ಕ ಹಾಡಿಗೆ ಗತಿಯಿಲ್ಲ. ಆಗ ರಾಬ್ ಹಬ್ಬರ್ಡ್ ಮತ್ತು ಅವರ ಓರಗೆಯವರು ಒಂದೇ ದನಿಯನ್ನು ಮೂರು ಸ್ವರಗಳ ಮೇಲೆ ಸೆಕೆಂಡಿಗೆ ಐವತ್ತು ಸಲದ ವೇಗದಲ್ಲಿ ಓಡಿಸಿದರು. ಕಿವಿಗೆ ಅದು ಮೂರು ಸ್ವರ ಕೂಡಿದಂತೆಯೂ ಕೇಳುತ್ತದೆ, ನಡುಗುವ ಒಂದೇ ಸ್ವರದಂತೆಯೂ ಕೇಳುತ್ತದೆ. ಜಗತ್ತಿನ ಯಾವ ವಾದ್ಯಕ್ಕೂ ಅದು ಸ್ವಭಾವದಿಂದ ಬರುವಂಥದ್ದಲ್ಲ. ಆರ್ಕೆಸ್ಟ್ರಾಕ್ಕೆ ಬರೆಯುವವರು ಇಲ್ಲಿ ಸಾಮಾನ್ಯವಾಗಿ ಮಾಡುವುದೇನು? ಮೂರು ಸ್ವರಗಳನ್ನು ಮೂರು ಕಹಳೆಗಳಿಗೆ ಹಂಚಿ ನೆಟ್ಟಗೆ ಹಿಡಿಸುತ್ತಾರೆ. ಹಾಳೆಯ ಮೇಲೆ ಲೆಕ್ಕ ಸರಿ. ಯಂತ್ರ ಮಾಡಲಾಗದೆ ಒದ್ದಾಡುತ್ತಿದ್ದುದನ್ನು ಮಾಡಿಕೊಟ್ಟೆವೆಂಬ ತೃಪ್ತಿಯೂ ಅವರಿಗೆ. ಆದರೆ ಹಬ್ಬರ್ಡ್ ಸಂಗೀತ ಬರೆದದ್ದು ಆ ನಡುಕವನ್ನೇ ಸ್ವರವಾಗಿ ಹಿಡಿದು. ತೋಡಿಯ ಗಾಂಧಾರವನ್ನು ಪಿಯಾನೊ ಕೀಲಿಯ ಮೇಲೆ ಒತ್ತಿ ಹಿಡಿದು ಇದೇ ತೋಡಿ ಎಂದರೆ ಧಾರವಾಡದಿಂದ ಮೈಸೂರಿನವರೆಗೆ ಯಾರಾದರೂ ಒಪ್ಪುತ್ತಾರೆಯೇ? ಅಲ್ಲಿ ಒಪ್ಪದ ಕಿವಿ ಇಲ್ಲಿ ಮಾತ್ರ ಯಾಕೆ ಒಪ್ಪಬೇಕು?

ಮುಗಿತಾಯದ್ದೂ ಇದೇ ಪಾಡು. ಈ ಹಾಡುಗಳಿಗೆ ಕೊನೆಯೆಂಬುದಿಲ್ಲ. ಸುತ್ತು ಮುಗಿದರೆ ಮೊದಲಿಗೆ ಮರಳುತ್ತವೆ. ಆಡುವವನು ಸೋಲುವವರೆಗೆ, ಗೆಲ್ಲುವವರೆಗೆ, ಇಲ್ಲವೇ ಮನೆಯಲ್ಲಿ ಬೈದು ಟಿವಿ ಆರಿಸುವವರೆಗೆ ಅವು ತಿರುಗುತ್ತಲೇ ಇರಬೇಕು. ನೂರನೆಯ ಸುತ್ತಿನಲ್ಲೂ ಬೇಸರ ತರಬಾರದು. ಬರೆಯುವವನಿಗೆ ಇದು ಸಣ್ಣ ಸವಾಲಲ್ಲ. ಕಛೇರಿಗೆ ಬಂದರೆ ಕೊನೆ ಬೇಕು, ಚಪ್ಪಾಳೆಗೆ ಜಾಗ ಬೇಕು. ಅಳವಡಿಸುವವರು ಮೆಲ್ಲಗೆ ಶುರುಮಾಡಿ, ನಡುವೆ ಇನ್ನೆರಡು ಹಾಡಿನ ತುಣುಕು ಹೊಲಿದು, ತಾರಕಕ್ಕೇರಿಸಿ ಕಂಚಿನ ತಾಳ ಅಪ್ಪಳಿಸಿ ನಿಲ್ಲಿಸುತ್ತಾರೆ. ನೆಲದಡಿಯ ದಾರಿಯಲ್ಲಿ ಮಾರಿಯೊ ಹೋಗುವಾಗ ಬರುವ ಆ ಚೂರು ಚೂರು ಸ್ವರಗಳನ್ನು ನೆನೆದುಕೊಳ್ಳಿ: ನಾಲ್ಕಾರು ಸ್ವರ, ಮೌನ, ಮತ್ತೆ ನಾಲ್ಕಾರು ಸ್ವರ. ಆ ಮೌನಕ್ಕೆ ಎಂಬತ್ತು ಜನರನ್ನು ಕರೆಸಿ ಸುಮ್ಮನೆ ಕೂರಿಸಲು ಯಾವ ವ್ಯವಸ್ಥಾಪಕನಿಗೂ ಧೈರ್ಯ ಬರುವುದಿಲ್ಲ. ಹಾಗಾಗಿ ಅದನ್ನು ತುಂಬುತ್ತಾರೆ.

ಇಷ್ಟಕ್ಕೂ ನಮ್ಮ ಕಡೆಯ ಹುಡುಗರು ಕೇಳಿದ್ದು ಯಾವ ಮೂಲವನ್ನು? 1990ರ ದಶಕದಲ್ಲಿ ಸಿಂಧನೂರು, ಲಿಂಗಸುಗೂರಿನಂಥ ಊರುಗಳಿಗೆ ಬಂದ ಟಿವಿ ಗೇಮ್‌ಗಳು ಬಹುಪಾಲು ಫ್ಯಾಮಿಕಾಮ್‌ನ ನಕಲುಗಳು. ಒಂದೇ ಕ್ಯಾಸೆಟ್ಟಿನಲ್ಲಿ ನೂರಾರು ಆಟ ಎಂಬ ಚೀಟಿ ಅಂಟಿಸಿಕೊಂಡವು. ಅಂಥ ಎಷ್ಟೋ ನಕಲು ಚಿಪ್ಪುಗಳಲ್ಲಿ ಚೌಕದ ಅಲೆಯ ಎರಡು ಬಗೆಗಳು ಅದಲುಬದಲಾಗಿ, ತೆಳ್ಳಗಿರಬೇಕಾದ ದನಿ ದಪ್ಪಗೆ, ದಪ್ಪಗಿನದು ತೆಳ್ಳಗೆ ಬರುತ್ತಿತ್ತು. ಮೇಲಾಗಿ ಜಪಾನಿನ ಟಿವಿ ಸೆಕೆಂಡಿಗೆ 60 ಸಲದ ಲೆಕ್ಕದ್ದು, ಭಾರತದ್ದು 50ರ ಲೆಕ್ಕ. ಅಲ್ಲಿನ ಲೆಕ್ಕಕ್ಕೆ ಬರೆದ ಸಂಗೀತ ಇಲ್ಲಿನ ಯಂತ್ರದಲ್ಲಿ ಆರರಲ್ಲಿ ಒಂದು ಪಾಲು ನಿಧಾನ. ಅದೇ ಹೊತ್ತಿನಲ್ಲಿ ಜಾತ್ರೆಯ ಆಟಿಕೆ ಅಂಗಡಿಗಳಲ್ಲಿ ಮಾರುತ್ತಿದ್ದ, ಇಟ್ಟಿಗೆ ಜೋಡಿಸುವ ಕೈಗೇಮ್‌ಗಳಲ್ಲಂತೂ ಒಂಟಿ ದನಿಯ ಪೀಪೀ ಅಷ್ಟೇ. ಹೀಗೆ ಬದಲಾದ ದನಿ, ಬದಲಾದ ನಡೆಯಲ್ಲಿ ಕೇಳಿಯೂ ಒಂದು ತಲೆಮಾರು ಆ ಹಾಡುಗಳನ್ನು ಬಾಯಿಪಾಠ ಮಾಡಿತು. ಯಂತ್ರದಲ್ಲಿದ್ದದ್ದು ಅರೆಬೆಂದ ಸಂಗೀತವಾಗಿದ್ದರೆ ಇಷ್ಟೆಲ್ಲ ಜಖಂ ಆದ ಮೇಲೂ ನಿಲ್ಲುತ್ತಿರಲಿಲ್ಲ.

ಎದುರು ಪಕ್ಷದವರ ಕೈಯಲ್ಲಿ ಒಂದು ಬಲವಾದ ಸಾಕ್ಷಿ ಇದೆ, ಅದನ್ನು ಮುಚ್ಚಿಡುವಂತಿಲ್ಲ. ಕೊಯಿಚಿ ಸುಗಿಯಾಮಾ. ಟಿವಿ ಮತ್ತು ಜನಪ್ರಿಯ ಸಂಗೀತದಲ್ಲಿ ಪಳಗಿದ ಈ ಹಿರಿಯರು 1986ರ ಮೇ ತಿಂಗಳಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ಗೆ ಸಂಗೀತ ಕೊಟ್ಟಾಗ ಅವರಿಗೆ ಐವತ್ತೈದರ ವಯಸ್ಸು. 1987ರ ಆಗಸ್ಟ್ 20ರಂದು ಟೋಕಿಯೊದ ಸಂಟೋರಿ ಹಾಲ್‌ನಲ್ಲಿ ಅದೇ ಸಂಗೀತದ ಕಛೇರಿ ನಡೆಸಿಬಿಟ್ಟರು. ಮುಂದೆ ಲಂಡನ್ ಫಿಲ್ಹಾರ್ಮೊನಿಕ್ ಕೂಡ ಅವರ ಸರಣಿಯನ್ನು ಧ್ವನಿಮುದ್ರಿಸಿತು. 2021ರ ಟೋಕಿಯೊ ಒಲಿಂಪಿಕ್ಸಿನ ಉದ್ಘಾಟನೆಯಲ್ಲಿ ದೇಶದೇಶದ ಕ್ರೀಡಾಪಟುಗಳು ನಡೆದುಬಂದದ್ದು ಗೇಮ್ ಸಂಗೀತದ ಆರ್ಕೆಸ್ಟ್ರಾ ರೂಪಕ್ಕೆ. ಮೊದಲು ಮೊಳಗಿದ್ದು ಸುಗಿಯಾಮಾ ಅವರದೇ. ಬರೆದವರೇ ಆರ್ಕೆಸ್ಟ್ರಾ ಬೇಕೆಂದ ಮೇಲೆ ನಿಮ್ಮದೇನು ತಕರಾರು ಎಂದು ಕೇಳಬಹುದು.

ತಕರಾರು ಸುಗಿಯಾಮಾ ಅವರ ಮೇಲೆ ಅಲ್ಲ, ಅವರನ್ನು ಸಾಕ್ಷಿಗೆ ಕರೆದವರ ಮೇಲೆ. ಸುಗಿಯಾಮಾ ಚಿಪ್ಪಿಗೆ ಬರೆಯುವಾಗ ಆರ್ಕೆಸ್ಟ್ರಾವನ್ನು ಹಿಂಡಿ ಸಣ್ಣದು ಮಾಡಲಿಲ್ಲ. ಅರಮನೆಯ ದೃಶ್ಯಕ್ಕೆ ಅವರು ಹಿಡಿದದ್ದು ಹದಿನೆಂಟನೇ ಶತಮಾನದ ಯುರೋಪಿನ ರೀತಿ. ಎರಡೇ ಎಳೆಗಳು ಒಂದನ್ನೊಂದು ಮಾತಾಡಿಸುತ್ತ, ಕೆಣಕುತ್ತ ಹೋಗುವ ರೀತಿ. ದನಿ ಕಡಿಮೆ ಇರುವಲ್ಲಿ ಅಂಥ ಸಂಗೀತಕ್ಕೆ ಏನೂ ಕೊರತೆ ಬೀಳುವುದಿಲ್ಲ. ಕಛೇರಿಗೆ ಬರೆಯುವಾಗ ಅವರು ಹೊಸ ಎಳೆಗಳನ್ನು ಸೇರಿಸಿ ಹೊಸ ಕೃತಿಗಳನ್ನೇ ಮಾಡಿದರು. ಎರಡು ಕೆಲಸ, ಎರಡು ಕೃತಿ, ಒಬ್ಬನೇ ಕರ್ತೃ. ಮೊದಲ ಆಟ ಬಂದ ಹದಿನೈದು ತಿಂಗಳೊಳಗೆ ಎರಡೂ ಪಕ್ಕಪಕ್ಕದಲ್ಲಿ ಇದ್ದವು. ಒಂದು ಇನ್ನೊಂದಕ್ಕಾಗಿ ವರ್ಷಗಟ್ಟಲೆ ಕಾದು ಕೂತಿತ್ತೆಂಬ ಕಥೆಗೆ ಅಲ್ಲಿ ಜಾಗವೇ ಇಲ್ಲ.

ಎಲ್ಲ ಗೇಮ್ ಸಂಗೀತಗಾರರೂ ಸುಗಿಯಾಮಾ ಅಲ್ಲ ಎನ್ನುವುದನ್ನೂ ಈ ವಾದ ನುಂಗಿ ನೀರು ಕುಡಿಯುತ್ತದೆ. ಯೂಜೊ ಕೊಶಿರೊ 1990ರಲ್ಲಿ ‘ಆಕ್ಟ್‌ರೈಸರ್’ಗೆ ಬರೆದದ್ದು ಆರ್ಕೆಸ್ಟ್ರಾದ ಛಾಯೆಯ ಸಂಗೀತ, ಅದರ ಸಿಂಫನಿ ರೂಪವೂ ಬಂತು, ಚೆನ್ನಾಗಿಯೂ ಇದೆ. ಅದೇ ಕೊಶಿರೊ ಮರುವರ್ಷ ‘ಸ್ಟ್ರೀಟ್ಸ್ ಆಫ್ ರೇಜ್’ಗೆ ಬರೆದದ್ದು ನೈಟ್‌ಕ್ಲಬ್ಬಿನ ನೃತ್ಯ ಸಂಗೀತ. ಮೆಗಾಡ್ರೈವ್ ಯಂತ್ರದ ಯಮಾಹ ಚಿಪ್ಪಿನ ಲೋಹದಂಥ ದನಿಯೇ ಅದರ ಮೈ. ಅದಕ್ಕೆ ಪಿಟೀಲು ತಂದರೆ ಮೈಯನ್ನೇ ಕಿತ್ತಂತೆ. ‘ಫೈನಲ್ ಫ್ಯಾಂಟಸಿ’ಯ ನೊಬುವೊ ಉಯೆಮಾತ್ಸು ಗುರುಮುಖೇನ ಕಲಿಯದೆ ತಾವೇ ಕಲಿತವರು, ತಮ್ಮದೇ ಹಾಡುಗಳನ್ನು ಮತ್ತೆ ನುಡಿಸಬೇಕೆನಿಸಿದಾಗ ‘ದ ಬ್ಲ್ಯಾಕ್ ಮೇಜಸ್’ ಎಂಬ ರಾಕ್ ತಂಡಕ್ಕೆ ಕೈಹಾಕಿದರು. ಅವರ ಸಂಗೀತದೊಳಗೆ ಗಿಟಾರಿನ ತಂಡವೊಂದು ಬಚ್ಚಿಟ್ಟುಕೊಂಡಿತ್ತು, ಆರ್ಕೆಸ್ಟ್ರಾ ಅದಕ್ಕೆ ಮೋಸ ಮಾಡಿತು ಎಂದು ಯಾಕೆ ಯಾರೂ ಅನ್ನುವುದಿಲ್ಲ?

ಉಯೆಮಾತ್ಸು ಅವರದೇ ಒಂದು ದೃಶ್ಯ ಇದೆ. 1994ರ ‘ಫೈನಲ್ ಫ್ಯಾಂಟಸಿ 6’ರಲ್ಲಿ ಕಥೆಯ ನಡುವೆ ಒಂದು ಒಪೆರಾ. ಆ ಯಂತ್ರಕ್ಕೆ ಎಂಟು ದನಿ, ಸದ್ದಿಗೆಂದು 64 ಕಿಲೋಬೈಟಿನ ಜಾಗ. ಹಾಡುವ ಹೆಣ್ಣಿನ ಬಾಯಿಂದ ಶಬ್ದಗಳು ಬರುವುದಿಲ್ಲ. ಮನುಷ್ಯ ಕಂಠವನ್ನು ನೆನಪಿಸುವ ಒಂದು ಆಕಾರ ಮಾತ್ರ ಸ್ವರದ ಮೇಲೆ ತೇಲುತ್ತದೆ, ಸಾಹಿತ್ಯ ಪರದೆಯ ಮೇಲೆ ಅಕ್ಷರವಾಗಿ ಮೂಡುತ್ತದೆ. ಮುಂದಿನ ಸಾಲು ಯಾವುದೆಂದು ಆಡುವವನೇ ಆರಿಸಬೇಕು, ತಪ್ಪಿದರೆ ನಾಟಕ ಕೆಟ್ಟಿತು. ಆ ಪಾತ್ರವಾದರೂ ಯಾರು? ಒಪೆರಾ ಗಾಯಕಿಯ ಬದಲಿಗೆ, ಹಾಡಿ ಗೊತ್ತಿಲ್ಲದ ಒಬ್ಬಳು ಸೇನಾನಿ ಗಾಯಕಿಯ ವೇಷ ಹಾಕಿಕೊಂಡು ನಿಂತಿದ್ದಾಳೆ. ಮಾತು ತಡವರಿಸುವ ಆ ಕೃತಕ ಕಂಠ ಆ ಪಾತ್ರಕ್ಕೆ ಹೇಳಿ ಮಾಡಿಸಿದಂತಿದೆ. ಕಛೇರಿಗಳಲ್ಲಿ ಇದನ್ನು ತರಬೇತಾದ ಗಾಯಕಿಯರು ಹಾಡುತ್ತಾರೆ. ಕಂಠಕ್ಕೆ ತಲೆದೂಗಬೇಕು. ಆದರೆ ಕಂಪನಿ ನಾಟಕ ಕಂಡ ಗದಗ ಸೀಮೆಯ ಯಾವ ಮೇಷ್ಟರಾದರೂ ಹೇಳಿಯಾರು: ಹಾಡಲು ಬಾರದವಳ ಪಾತ್ರಕ್ಕೆ ಹಾಡುವವಳನ್ನು ಹಾಕಿದರೆ ಹಾಡು ಗೆಲ್ಲುತ್ತದೆ, ನಾಟಕ ಸೋಲುತ್ತದೆ.

ಪಾಶ್ಚಾತ್ಯರ ಉದಾಹರಣೆಯೇ ಬೇಕೆಂದರೆ ಅದೂ ಇದೆ. ಬಾಖ್ ಒಂಟಿ ಪಿಟೀಲಿಗೆಂದು ಬರೆದ ‘ಶಾಕೋನ್’ ಎಂಬ ಒಂದು ಕೃತಿ ಇದೆ. ನಾಲ್ಕು ತಂತಿಯಲ್ಲಿ ಕಟ್ಟಿದ ಆ ದೊಡ್ಡ ಕಟ್ಟಡವನ್ನು ಲಿಯೊಪೋಲ್ಡ್ ಸ್ಟೊಕೋವ್‌ಸ್ಕಿ ಇಡೀ ಆರ್ಕೆಸ್ಟ್ರಾಕ್ಕೆ ಹರಡಿದರು. ಅದಕ್ಕೂ ಮೊದಲು, 1877ರಲ್ಲಿ, ಬ್ರಾಮ್ಸ್ ಅದನ್ನು ಪಿಯಾನೊಗೆ ತಂದರು, ಅದೂ ಎಡಗೈ ಒಂದಕ್ಕೇ. ಎರಡು ಕೈ ಇದ್ದೂ ಒಂದನ್ನು ಕಟ್ಟಿಕೊಂಡರೆ ಮಾತ್ರ ಒಂಟಿ ಪಿಟೀಲಿನವನ ಪಾಡು ಕೈಗೆ ತಿಳಿಯುತ್ತದೆ ಎಂಬ ಅರ್ಥದಲ್ಲಿ ಕ್ಲಾರಾ ಶೂಮನ್ನರಿಗೆ ಪತ್ರವನ್ನೂ ಬರೆದರು. ಇತ್ತ ಮುಸೋರ್ಗ್‌ಸ್ಕಿ 1874ರಲ್ಲಿ ಪಿಯಾನೊಗೆ ಬರೆದ ಚಿತ್ರಪ್ರದರ್ಶನದ ಕೃತಿಯನ್ನು ರಾವೆಲ್ 1922ರಲ್ಲಿ ಆರ್ಕೆಸ್ಟ್ರಾಕ್ಕೆ ತಂದದ್ದು ಮೂಲಕ್ಕಿಂತ ಹೆಚ್ಚು ಹೆಸರು ಮಾಡಿತು ಎನ್ನುವುದು ನಿಜ. ಗೆದ್ದದ್ದು ರಾವೆಲ್‌ನ ಕೈಚಳಕ. ಪಿಯಾನಿಸ್ಟರು ಮೂಲವನ್ನು ನುಡಿಸುವುದನ್ನು ಬಿಟ್ಟಿಲ್ಲ. ಹಾಗಾಗಿ ಗೇಮ್ ಸಂಗೀತದ ಪ್ರತಿ ಅಳವಡಿಕೆಗೂ ಕೇಳಬೇಕಾದದ್ದು ಒಂದೇ: ಇಲ್ಲಿ ಕೈಚಳಕ ಎಲ್ಲಿದೆ? ಕೇಳುವವರು ಕಡಿಮೆ. ತುತ್ತೂರಿ ಜೋರಾಗಿ ಮೊಳಗಿದರೆ ಕಣ್ಣೀರು ಬರುತ್ತದೆ, ಅಷ್ಟಕ್ಕೇ ಮುಗಿಯಿತು.

ಮರ್ಯಾದೆಯ ಮಾತಿಗೆ ಬರೋಣ. 2022ರ ಆಗಸ್ಟ್ 1ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ, ರಾಯಲ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾ ಮೊದಲ ಸಲ ಗೇಮ್ ಸಂಗೀತದ ಇಡೀ ಕಛೇರಿಯನ್ನು ನುಡಿಸಿತು. ಎಂಟು ಬಿಟ್ಟಿನಿಂದ ಅನಂತದವರೆಗೆ ಎಂಬುದು ಅದರ ಶೀರ್ಷಿಕೆ. ಹಳೆಯ ಯಂತ್ರಗಳ ಎಂಟು ಬಿಟ್ಟು ಕೆಳಗಿನ ಮೆಟ್ಟಿಲು, ಮೇಲೆ ಅನಂತ; ಇಡೀ ರೋಗ ಆ ಹೆಸರಿನಲ್ಲೇ ಇದೆ. ಆ ಸಭಾಂಗಣದ ಮುದ್ರೆ ಬಿದ್ದರೆ ಸಂಗೀತ ಗಟ್ಟಿಯಾಯಿತೆಂದು ಕರ್ನಾಟಕದವರು ನಂಬಬೇಕಾಗಿಲ್ಲ, ಯಾಕೆಂದರೆ ಅಲ್ಲಿಯ ಲೆಕ್ಕ ನಮಗೆ ಹಳೆಯದು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಅದೇ ಸಭಾಂಗಣದಲ್ಲಿ ಮೊದಲ ಬಾರಿ ಕೇಳಿಸಿದಾಗ ಖರ್ಚಿಗೆ ಜಾಮೀನು ನಿಂತವರು ಜಯಚಾಮರಾಜೇಂದ್ರ ಒಡೆಯರ್. ಸಂಗೀತಕಾರ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಅರ್ಪಿಸಿದ್ದೂ ಈ ಮೈಸೂರಿನ ಅರಸರಿಗೇ. ಪಾಶ್ಚಾತ್ಯ ಆರ್ಕೆಸ್ಟ್ರಾದ ಒಳಹೊರಗು ಬಲ್ಲ ಆ ದೊರೆ ತಾವೇ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದಾಗ ಅವು ಸಿಂಫನಿಯಿಂದಲೇ ಪೂರ್ಣವಾಗಬೇಕೆಂದು ಕಾಯಿಸಲಿಲ್ಲ. ಎರಡೂ ಮನೆಯಲ್ಲಿ ಅವರಿಗೆ ಊಟವಿತ್ತು. ಒಂದರ ಎಲೆಯನ್ನು ಇನ್ನೊಂದರ ಮುಂದೆ ಹಾಸಲಿಲ್ಲ.

ಮೈಸೂರಿನ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ಬ್ಯಾಂಡೂ ಇತ್ತು. ಅರಸೊತ್ತಿಗೆ ಹೋದ ಮೇಲೆ ಆ ಪರಂಪರೆ ಪೊಲೀಸ್ ಇಲಾಖೆಗೆ ಬಂತು. ದಸರೆಯಲ್ಲಿ ಪೊಲೀಸ್ ಬ್ಯಾಂಡಿನ ಸಮೂಹ ವಾದನ ಇಂದಿಗೂ ಅರಮನೆಯ ಮುಂದೆ ನಡೆಯುತ್ತದೆ. ಕರ್ನಾಟಕ ಬ್ಯಾಂಡು ಮಾಡುವ ಕೆಲಸ ಗೇಮ್ ಸಂಗೀತದ ಅಳವಡಿಕೆಗೆ ತೀರ ಹತ್ತಿರದ್ದು: ಒಂದು ಕಂಠಕ್ಕೆ, ಒಂದು ವೀಣೆಗೆ ಹುಟ್ಟಿದ ಕೃತಿಯನ್ನು ಕ್ಲಾರಿಯೊನೆಟ್, ಸ್ಯಾಕ್ಸೊಫೋನ್, ಪಿಟೀಲುಗಳಿಗೆ ಹಂಚುವುದು. ಗಮಕ ಎಲ್ಲ ಕೀಲಿಗೂ ಸಿಗದು. ಕದನಕುತೂಹಲದಂಥ ನೆಟ್ಟನೆಯ ಸ್ವರದ ರಾಗ ಬ್ಯಾಂಡಿಗೆ ಒಗ್ಗುವಷ್ಟು ತೋಡಿ ಒಗ್ಗದು. ಕೇಳಿದರೆ ಹಿತವಾಗಿರುತ್ತದೆ, ಜನ ಸೇರುತ್ತಾರೆ. ಆದರೆ ತ್ಯಾಗರಾಜರ ಕೃತಿಗಳು ಪೊಲೀಸ್ ಬ್ಯಾಂಡಿಗಾಗಿ ಕಾದಿದ್ದವು, ಈಗ ಪೂರ್ಣವಾದವು ಎಂದು ಯಾರಾದರೂ ಭಾಷಣ ಬಿಗಿದರೆ ಮೈಸೂರಿನ ರಸಿಕರು ಹೊಟ್ಟೆ ಹಿಡಿದು ನಗುತ್ತಾರೆ, ಬ್ಯಾಂಡಿನವರೂ ನಗುತ್ತಾರೆ. ದಾರಿ ತಿರುಗಿಯೂ ಹರಿದಿದೆ. ಬ್ರಿಟಿಷರ ಬ್ಯಾಂಡಿನ ಧಾಟಿಗಳನ್ನು ಕೇಳಿದ ಮುತ್ತುಸ್ವಾಮಿ ದೀಕ್ಷಿತರು ಅವುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರಗಳನ್ನು ಮಾಡಿದರು. ಇಂಗ್ಲೆಂಡಿನ ರಾಜಗೀತೆಯ ಧಾಟಿಯೂ ಅವುಗಳಲ್ಲಿದೆ. ಬ್ಯಾಂಡಿನ ಗದ್ದಲವೆಲ್ಲ ಕಳೆದು ಒಂದು ಕಂಠ ಉಳಿಯಿತು. ಇದನ್ನು ಇಳಿತವೆಂದು ಯಾರೂ ಬರೆದಿಲ್ಲ.

ಆ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದವರು ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು. ನಾಗಸ್ವರದ ಮನೆತನ. ಗಮಕಕ್ಕೆ ಒಲ್ಲೆನೆಂದ ವಿದೇಶಿ ವಾದ್ಯದ ಕೀಲಿಗಳನ್ನೇ ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡು, ವರ್ಷಗಳ ಸಾಧನೆಯಿಂದ ಅದರ ಬಾಯಿಂದ ರಾಗ ಹೊರಡಿಸಿದರು. 1994ರಲ್ಲಿ ಬಿಬಿಸಿ ಪ್ರಾಮ್ಸ್‌ನಲ್ಲಿ, ಅದೇ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದರು. ಹಿಂದೆ ಎಂಬತ್ತು ಜನ ಇರಲಿಲ್ಲ. ವಾದ್ಯ ಬದಲಾಗುವಾಗ ಕೆಲಸ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ: ಕೆಲಸವಿದ್ದದ್ದು ಕೀಲಿಯ ಕೆಳಗೆ, ಬೆರಳು ಮತ್ತು ತುಟಿಯ ನಡುವೆ.

ಹಾರ್ಮೋನಿಯಂನ ಕಥೆಯನ್ನೂ ಇಲ್ಲಿ ನೆನೆಯಬೇಕು. ಅದಕ್ಕೆ ಮೀಂಡು ಬಾರದು, ಅದರ ಸ್ವರಗಳು ನಮ್ಮ ಶ್ರುತಿಗೆ ಕೂಡವು ಎಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ನಿರ್ಬಂಧ ಸಡಿಲವಾಗಲು 1971 ಬರಬೇಕಾಯಿತು. ಆ ಮೂರು ದಶಕ ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ಇಲ್ಲದೆ ಪರದೆ ಏಳುತ್ತಿರಲಿಲ್ಲ; ಗದುಗಿನ ಪುಟ್ಟರಾಜ ಗವಾಯಿಗಳು ಅದನ್ನು ನುಡಿಸಿಯೇ ನಾಡನ್ನು ತಲೆದೂಗಿಸಿದರು. ಪೆಟ್ಟಿಗೆಗೆ ಬಾರದ್ದನ್ನು ಎಣಿಸುತ್ತ ಕೂತ ಪಂಡಿತರು, ಅದಕ್ಕೆ ಬರುವುದು ಏನೆಂದು ಕೇಳಲಿಲ್ಲ. ಚಿಪ್ಪಿನ ಮುಂದೆ ಇವತ್ತು ಕೂತಿರುವವರೂ ಅದೇ ಎಣಿಕೆಯಲ್ಲಿದ್ದಾರೆ.

ಆರ್ಕೆಸ್ಟ್ರಾ ಕಛೇರಿಗಳಿಂದ ಹೊಸ ಕೇಳುಗರು ಬರುತ್ತಾರೆ, ವಾದಕರಿಗೆ ನಾಲ್ಕು ಕಾಸು ಸಿಗುತ್ತದೆ ಎಂಬ ಸಮರ್ಥನೆಯೂ ಉಂಟು. ಒಪ್ಪೋಣ. ಅದು ಟಿಕೆಟ್ಟಿನ ಸಮಾಚಾರ, ಸಂಗೀತದ್ದಲ್ಲ.

ದೊಡ್ಡ ಮೇಳವೇ ದಾರಿಯೆಂದಾದರೆ ಕನ್ನಡ ನಾಡಿನ ಗೇಮ್ ಪ್ರಿಯರಿಗೆ ಉಳಿಯುವುದು ಕಾಯುವ ಕೆಲಸವೊಂದೇ. ದೇಶದಲ್ಲಿ ಪೂರ್ಣಾವಧಿಯ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಎಂದು ಇರುವುದು 2006ರಲ್ಲಿ ಮುಂಬೈಯಲ್ಲಿ ಶುರುವಾದದ್ದು. ಆದರೆ ಗೇಮ್ ಸಂಗೀತದ ಅಳವಡಿಕೆಗೆ 2022ರಲ್ಲಿ ಗ್ರ್ಯಾಮಿ ಗೆದ್ದದ್ದು ಸಿಂಫನಿ ಆರ್ಕೆಸ್ಟ್ರಾ ಅಲ್ಲ, ‘8-ಬಿಟ್ ಬಿಗ್ ಬ್ಯಾಂಡ್’ ಎಂಬ ಜಾಜ್ ತಂಡ. ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರೊಂಬೋನ್‌ಗಳ ಮೇಳ. ಅವರು ‘ಕರ್ಬಿ’ ಆಟದ ಒಂದು ಹಾಡಿನ ಆತುರವನ್ನು ಹಿಡಿದು ತಮ್ಮ ನಡೆಗೆ ತಂದುಕೊಂಡರು. ಹಿತ್ತಾಳೆ ವಾದ್ಯಗಳಿಗೆ ಈ ಸಂಗೀತ ಒಗ್ಗುವುದು ಆಶ್ಚರ್ಯವಲ್ಲ. ಚೌಕದ ಅಲೆಯ ಮೊನಚು ಪಿಟೀಲಿಗಿಂತ ತುತ್ತೂರಿಗೆ ಹತ್ತಿರದ್ದು, ಕ್ಲಾರಿಯೊನೆಟ್ಟಿಗಂತೂ ನೆಂಟಸ್ತನವೇ ಇದೆ. ಆ ವಾದ್ಯದ ಕೆಳಗಿನ ಸ್ವರಗಳ ಅಲೆಯಲ್ಲೂ ಚೌಕದ ಅಲೆಯಲ್ಲಿದ್ದಂತೆಯೇ ಬೆಸಸಂಖ್ಯೆಯ ಉಪಸ್ವರಗಳದೇ ಮೇಲುಗೈ.

ಕ್ಲಾರಿಯೊನೆಟ್ ಊದುವವರು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬ್ಯಾಂಡುಗಳಲ್ಲಿ ಇದ್ದಾರೆ. ಡಿಜೆಯ ಅಬ್ಬರಕ್ಕೆ ಸಿಕ್ಕಿ ಕೆಲಸ ಕಡಿಮೆಯಾಗಿದೆ, ಕೈ ಮರೆತಿಲ್ಲ. ಮಾರಿಯೊನ ಹಾಡನ್ನು ಅವರಿಗೆ ಕೇಳಿಸಬೇಕು. ಸ್ವರಲಿಪಿ ಬೇಡ; ಸಿನಿಮಾ ಹಾಡನ್ನು ಕೇಳಿಯೇ ಕಲಿತವರು ಇದನ್ನೂ ಕಲಿಯುತ್ತಾರೆ. ಮೊದಲ ಚೌಕ ಕ್ಲಾರಿಯೊನೆಟ್ಟಿಗೆ, ಎರಡನೆಯದು ಟ್ರಂಪೆಟ್ಟಿಗೆ, ತ್ರಿಕೋನದ ಕೆಳಸ್ವರ ದಪ್ಪ ದನಿಯ ಹಿತ್ತಾಳೆ ವಾದ್ಯಕ್ಕೆ, ಗದ್ದಲವೆಲ್ಲ ಸೈಡ್ ಡ್ರಮ್ಮಿನವನಿಗೆ. ಕೊನೆಯಿಲ್ಲದ ಸುತ್ತು ಅವರಿಗೆ ಹೊಸದಲ್ಲ, ಮೆರವಣಿಗೆಯ ಬ್ಯಾಂಡು ನುಡಿಸುವುದೇ ಹಾಗೆ: ಮದುಮಗನ ಕುದುರೆ ಮುಂದೆ ಸಾಗುವವರೆಗೆ ಅದೇ ಪಲ್ಲವಿ ತಿರುಗುತ್ತಿರುತ್ತದೆ, ಹುಡುಗರು ಕುಣಿಯಲು ಅಡ್ಡಗಟ್ಟಿದರೆ ನಡೆ ಚುರುಕಾಗುತ್ತದೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ತೊಡಕಿರುವುದು ಒಂದೇ ಕಡೆ. ತ್ರಿಕೋನದ ಅಲೆ ಉಸಿರು ತೆಗೆದುಕೊಳ್ಳುವುದಿಲ್ಲ, ಹಿತ್ತಾಳೆ ಊದುವವನು ತೆಗೆದುಕೊಳ್ಳಬೇಕು. ಇಬ್ಬರಿದ್ದರೆ ಸರದಿಯ ಮೇಲೆ ಊದಲಿ. ಒಬ್ಬನೇ ಇದ್ದರೆ ಯಾವ ಸ್ವರ ಬಿಟ್ಟರೆ ಹಾಡು ಕೆಡದೆಂದು ನಾಲ್ಕು ಸಲ ನುಡಿಸಿ ನೋಡಿ ಅವನೇ ತೀರ್ಮಾನಿಸಲಿ. ಬಿಟ್ಟ ಜಾಗಕ್ಕೆ ಸೈಡ್ ಡ್ರಮ್ಮಿನವನು ಒಂದು ಪೆಟ್ಟು ಹಾಕಿಕೊಳ್ಳುತ್ತಾನೆ.